ಎರಡು ಅರ್ತು

"ಅರ್ತು ಸಿಕ್ತಿಲ್ಲ ಮೇಡಂ," ಅಂದ ಇಲಿಯಾಸ್,
ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಮೊಣಕೈತನಕ ಕೈ ಹಾಕಿ.
ನಾನೂ ದಿನಾ ಹಾಗೇ ಕೈ ಹಾಕುವವಳು
ದುದ್ದ, ಗಂಡಸಿ, ಶಾಂತಿಗ್ರಾಮದ ಹಸುಗಳಿಗೆ;
ಕಣ್ಣಿಗೆ ಕಾಣದ್ದನ್ನು ಬೆರಳಲ್ಲಿ ನೋಡುವ ಕೆಲಸ
ಇಬ್ಬರದೂ. ಅವಸರ ಮಾಡಲಿಲ್ಲ.
ಸ್ಟೂಲಿನ ಮೇಲೆ ಕೂತು ಅವನ ಮುಖ ನೋಡುತ್ತಿದ್ದೆ:
ಸಿಕ್ಕಾಗ ಹುಬ್ಬು ಒಂದು ಚೂರು ಏಳುತ್ತದೆ.
ನನ್ನದೂ ಏಳುತ್ತದಂತೆ.

ತೊಂಬತ್ತೆಂಟರ ಎಸ್ಟೀಮು. ಅದರ ಜೊತೆಗೇ ಹುಟ್ಟಿದ ಸ್ಟೀರಿಯೊ.
ಹಸಿರು ಅಂಕಿ, ಸವೆದ ಗುಂಡಿ,
ಕ್ಯಾಸೆಟ್ಟಿಗೆ ಮಾತ್ರ ತೆರೆಯುವ ಬಾಯಿ.
ನನ್ನ ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಪ್ಲೇಯರು,
ಒಳಗೆ ಎರಡು ಸಾವಿರ ಹಾಡು,
ಹೊರಗೆ ಬರಲು ಒಂದೇ ತೂತು.

"ಕಿತ್ತು ಬಿಸಾಕಿ, ಮೂರು ಸಾವಿರಕ್ಕೆ ಹೊಸದು ಹಾಕ್ತೀನಿ,
ಪರದೆ ಇರತ್ತೆ, ಹಿಂದೆ ಬರೋ ನಾಯಿನೂ ಕಾಣತ್ತೆ,"
ಅಂದಿದ್ದ ಮೊದಲು. ಸಂತೆಪೇಟೆಯಲ್ಲಿ ಎಲ್ಲರೂ ಅದನ್ನೇ ಅನ್ನೋದು.
ಬೇಡ ಅಂದೆ. ಯಾಕೆ ಅಂತ ಕೇಳಲಿಲ್ಲ, ಪುಣ್ಯ;
ಕೇಳಿದ್ದರೆ ಹೇಳಲು ನನ್ನಲ್ಲಿ ಕತೆಯಿರಲಿಲ್ಲ.
ಕೆಡದ್ದನ್ನು ಕೀಳಬಾರದು, ಅಷ್ಟೇ.

ಎಫ್ಎಮ್ಮಿಗೆ ಹಾಡು ಹಾರಿಸುವ ಕಡ್ಡಿಯೊಂದನ್ನೂ ಕೊಂಡು ನೋಡಿದ್ದೆ.
ಎನ್.ಆರ್. ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
ಪಕ್ಕದ ಕಾರಿನವರ ಭಜನೆ ಬಂದು ನನ್ನ ಭಾವಗೀತೆಯ ಮೇಲೆ ಕೂತಿತು.
ಅವರದರ ಮೇಲೆ ನನ್ನದು ಕೂತಿತ್ತೋ ಏನೋ,
ಇಬ್ಬರೂ ಒಬ್ಬರನ್ನೊಬ್ಬರು ನೋಡಿ
ಕಿಟಕಿ ಏರಿಸಿಕೊಂಡೆವು.

ಕೊನೆಗೆ ಇಲಿಯಾಸ್ ಪೆಟ್ಟಿಗೆಯನ್ನೇ ಬಿಚ್ಚಿದ.
ಅವನ ತಂಗಿಯ ಮಗ ಮುದಸ್ಸಿರ್ ಟಾರ್ಚ್ ಹಿಡಿದ.
ಟೇಪಿನ ದನಿ ಹಾಯುವ ದಾರಿ ಹುಡುಕಿ
ಮೂರೆಳೆ ತಂತಿ ಬೆಸೆದ, ಸೀಸದ ಹೊಗೆಗೆ ಮುಖ ಓರೆ ಮಾಡಿ.
"ಆದ್ರೆ ಒಂದು. ಒಳಗೆ ಕ್ಯಾಸೆಟ್ ಓಡ್ತಾನೇ ಇರಬೇಕು,
ಇಲ್ಲಾಂದ್ರೆ ಇದು ಬಾಗಿಲು ತೆಗಿಯಲ್ಲ.
ಏನೂ ಇಲ್ಲದ್ದು. ಖಾಲಿ ಕ್ಯಾಸೆಟ್ಟು."

ಹಾಡು ಬರಲೆಂದು ಮೌನ ತಿರುಗುತ್ತಲೇ ಇರಬೇಕು.
ಇದನ್ನು ನಾನು ಹೇಳಿದ್ದರೆ ಕವಿತೆ ಅನ್ನುತ್ತಿದ್ದರು;
ಅವನು ಇನ್ನೂರೈವತ್ತು ರೂಪಾಯಿ ಅಂದ.

ಮುದಸ್ಸಿರ್ ಅಟ್ಟದಿಂದ ಒಂದು ತಂದ, ಶಾಯಿ ಹರಡಿದ ಚೀಟಿಯದು.
ಒಡೆದ ಸ್ಪೀಕರಿನ ಅಯಸ್ಕಾಂತದಿಂದ ಅದರ ಮೈ ನೇವರಿಸಿ
"ಈಗ ಖಾಲಿ" ಅಂದ.

ಹಾಡು ಬಂತು. ಜೊತೆಗೊಂದು ಕೀರಲು:
ಎಕ್ಸಿಲೇಟರ್ ಒತ್ತಿದರೆ ಏರುವುದು, ಬಿಟ್ಟರೆ ಇಳಿಯುವುದು,
ಹಾಡುವವಳ ಬೆನ್ನಿಗೇ ಸೊಳ್ಳೆಯೊಂದು ಶ್ರುತಿ ಹಿಡಿದಂತೆ.
ಅದಕ್ಕೇ ಇವತ್ತು ಮತ್ತೆ ಮೊಣಕೈತನಕ.
"ಪ್ಲೇಯರಿಗೊಂದು ಅರ್ತು, ಗಾಡಿಗೊಂದು ಅರ್ತು.
ಚಾರ್ಜಿಗೆ ಹಾಕಿದ್ರೆ ಎರಡೂ ಜಗಳಕ್ಕೆ ಬೀಳ್ತವೆ."
ಒಂದು ಮಾತಿಗೆ ಎರಡರ್ಥವಾದಾಗ
ನಮ್ಮ ಮನೆಯಲ್ಲೂ ಇದೇ ಸದ್ದು. ಹೇಳಲಿಲ್ಲ.
ಚಾರ್ಜರ್ ಕಿತ್ತ. ಸೊಳ್ಳೆ ಸತ್ತಿತು.

ಆಗ ಕೇಳಿಸಿದ್ದು: ಹಾಡಿಗೂ ಹಾಡಿಗೂ ನಡುವೆ
ಗೋಡೆಯಾಚೆಯಿಂದ ಎಂಬಂತೆ ಒಬ್ಬ ಗಂಡಸು,
"ಹಲೋ... ಒಂದು... ಎರಡು..."
ನಿಮ್ಮಪ್ಪ ಮೈಕ್‌ಸೆಟ್ ಇಟ್ಟಿದ್ದರಲ್ಲ ಇಲಿಯಾಸ್, ಅವರೇನು?
ಪ್ಲೇಯರ್ ನಿಲ್ಲಿಸಿ, ಬಾಗಿಲಿನ ಸ್ಪೀಕರಿಗೆ ಕಿವಿಯಿಟ್ಟ.
ರಸ್ತೆಯಲ್ಲಿ ಆಟೊ ಹೋಯಿತು. ಒಂದು ಬಸ್ಸು ಹೋಯಿತು.
ನಾನು ಅವನ ಹುಬ್ಬನ್ನೇ ಕಾದೆ.
"ಅಲ್ಲ," ಅಂದ, ಸ್ಕ್ರೂ ಕಚ್ಚಿದ ಬಾಯಲ್ಲಿ.
"ಯಾರೋ. ಗುಜರಿಲಿ ಕೇಜಿ ಲೆಕ್ಕದಲ್ಲಿ ತಂದಿದ್ದು.
ಇನ್ನೊಂದ್ಸಲ ಅಳಿಸಿ ಕೊಡ್ಲಾ?"
ಹೊತ್ತಾಯಿತು ಅಂದೆ. ಹೊತ್ತಾಗಿರಲಿಲ್ಲ.

ಬೆಳಗಿನ ಆರೂವರೆ, ದುದ್ದದ ರಸ್ತೆ.
ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ನೈಟ್ರೋಜನ್ ಕ್ಯಾನು,
ಮುಚ್ಚಳದ ಸಂದಿಯಿಂದ ತಣ್ಣನೆ ಹೊಗೆ.
ಚನ್ನವೀರಮ್ಮನ ಹಸು ರಾತ್ರಿಯಿಡೀ ಕೂಗಿದೆಯಂತೆ,
ಮಧ್ಯಾಹ್ನವಾದರೆ ಬೆದೆ ಹೋಗುತ್ತದೆ.
ಆಲೂಗಡ್ಡೆ ಲಾರಿಯ ಹಿಂದೆ ತೆವಳಿ, ಹಂಪು ದಾಟಿ ಹೊರಟಾಗ
ಹಾಡು ಮುಗಿಯುತ್ತದೆ.
ಒಂದು, ಅನ್ನುತ್ತಾನೆ ಯಾರೋ.
ಎರಡು.
ಮುಂದಿನದು ಟೇಪಿನಲ್ಲಿ ಉಳಿದಿಲ್ಲ.
ಕ್ಲಚ್ ತುಳಿದು, ಗೇರನ್ನು
ನಾನೇ ಮೂರಕ್ಕೆ ಹಾಕುತ್ತೇನೆ.